ಆಕ್ರೋ ಆಗೇಟ್ ಗೋಲಿ ಡಬ್ಬಿ ಸಿಕ್ಕಿದೆ, ಡಬ್ಬಿ ಒರಿಜಿನಲ್ಲಾ ಅಂತ ಹೇಗೆ ನೋಡೋದು?

ಕೊಲಂಬಸ್_ಗೋಲಿ:
ಎಲ್ರಿಗೂ ನಮಸ್ಕಾರ. ಹಾಸನದ ಕಡೆಯೋನು, ಈಗ ಎಂಟು ವರ್ಷದಿಂದ ಓಹಾಯೋದ ಕೊಲಂಬಸ್‌ನಲ್ಲಿದೀನಿ. ಊರಲ್ಲಿ ಗೋಲಿ ಆಡ್ಕೊಂಡು ಬೆಳೆದೋನಿಗೆ ಇಲ್ಲಿ ಬಂದ್ಮೇಲೆ ಗೊತ್ತಾಗಿದ್ದು, ಮೆಷಿನ್ನಲ್ಲಿ ಗಾಜಿನ ಗೋಲಿ ಮಾಡೋ ಕೆಲಸ ಬೆಳೆದಿದ್ದೇ ಈ ರಾಜ್ಯದ ಆಕ್ರನ್ ಊರಲ್ಲಿ, ಮಾರ್ಟಿನ್ ಕ್ರಿಸ್ಟೆನ್ಸನ್ ಅನ್ನೋರು 1905ರಲ್ಲಿ ಅದಕ್ಕೆ ಪೇಟೆಂಟ್ ತಗೊಂಡಿದ್ರು ಅಂತ. ಆವತ್ತಿಂದ ಹುಚ್ಚು ಹಿಡಿದಿದೆ, ಮೂರು ವರ್ಷದಿಂದ ಹಳೇ ಗೋಲಿ ಸೇರಿಸ್ತಾ ಇದೀನಿ.

ಹೋದ ವಾರ ಒಂದು ಹಳೇ ಸಾಮಾನಿನ ಸಂತೇಲಿ ಆಕ್ರೋ ಆಗೇಟ್ ಅನ್ನೋ ಹಳೇ ಗೋಲಿ ಕಂಪನಿಯ ರಟ್ಟಿನ ಡಬ್ಬಿ ಸಿಕ್ತು, ಮುಚ್ಚಳದ ಮೇಲೆ ಇಂಗ್ಲಿಷಿನ ಎ ಅಕ್ಷರದ ಒಳಗಿಂದ ಕಾಗೆ ಹಾರ್ತಾ ಇರೋ ಅವರ ಗುರುತು ಇದೆ, ಒಳಗೆ ರಟ್ಟಿನ ಮನೆಗಳಲ್ಲಿ (ಒಂದೊಂದು ಗೋಲಿ ಕೂರೋ ಖಾನೆ) 25 ಗೋಲಿ, ಜೊತೆಗೊಂದು ಬಟ್ಟೆ ಚೀಲ. ಮಾರೋನು "1930ರ ದಶಕದ್ದು, ಎಲ್ಲಾ ಒರಿಜಿನಲ್, ತೆಗೆದೇ ಇಲ್ಲ" ಅಂದ, 140 ಡಾಲರ್ ಕೊಟ್ಟೆ. ಮನೆಗೆ ಬಂದು ಸಮಾಧಾನವಾಗಿ ನೋಡಿದ್ರೆ 21 ಗೋಲಿ ಸುರುಳಿ ಸುತ್ತಿದಂಗಿರೋ ಕಾರ್ಕ್‌ಸ್ಕ್ರೂ, ಉಳಿದ 4 ಮಾತ್ರ ಪಾರದರ್ಶಕ, ಒಳಗೆ ಬಣ್ಣದ ಎಸಳು ಇರೋವು. ಅಲ್ಲಿಂದ ಡೌಟು ಶುರುವಾಯ್ತು. ಡಬ್ಬೀನೇ ಡೂಪ್ಲಿಕೇಟ್ ಇರಬಹುದಾ? ಫೋಟೋ ಹಾಕಿದೀನಿ, ದಯವಿಟ್ಟು ನೋಡಿ ಹೇಳಿ.

ಹಳೇಗಾಜು:
ಸರ್, ಫೋಟೋ ಚೆನ್ನಾಗಿ ಬಂದಿದೆ. ಮೊದಲು ಗೋಲಿ ಬೇರೆ ಡಬ್ಬಿ ಬೇರೆ ಅಂತ ಇಟ್ಕೊಂಡು ನೋಡಿ, ಒಂದು ಸರಿ ಇದ್ರೆ ಇನ್ನೊಂದೂ ಸರಿ ಅಂತ ಯಾವತ್ತೂ ನಂಬಬೇಡಿ.

ಕಾರ್ಕ್‌ಸ್ಕ್ರೂ 21 ಒಳ್ಳೆ ಸುದ್ದಿ, ಆಕ್ರೋದ ಗುರುತೇ ಅದು, ಕರಗಿದ ಗಾಜು ಕೆಳಗೆ ಇಳಿಯೋವಾಗ ಕೆಳಗಡೆ ಬಟ್ಟಲು ತಿರುಗ್ತಾ ಇರ್ತಿತ್ತು, ಅದಕ್ಕೇ ಬಣ್ಣ ಮೇಲಿಂದ ಕೆಳಗಿನ ತನಕ ಸ್ಕ್ರೂ ಥರ ಸುತ್ಕೊಳ್ತಿತ್ತು. ಆದ್ರೆ ಆ 4 ಇದಾವಲ್ಲ, ಅವು ಕ್ಯಾಟ್ಸ್ ಐ, ಬೆಕ್ಕಿನ ಕಣ್ಣಿನ ಗೋಲಿ. ನಾವು ಊರಲ್ಲಿ ಆಡಿದ್ದು ಜಾಸ್ತಿ ಇದೇ ಜಾತಿ, ಅದಕ್ಕೇ ನಮ್ ಕಣ್ಣಿಗೆ ಅದು ತಪ್ಪು ಅಂತ ತಕ್ಷಣ ಹೊಳೆಯಲ್ಲ. ಅವು 1950ರ ದಶಕದಲ್ಲಿ ಜಪಾನಿಂದ ಅಮೆರಿಕಕ್ಕೆ ರಾಶಿ ರಾಶಿ ಬಂದ್ವು, ಆಮೇಲೆ ಇಲ್ಲಿನ ಕಂಪನಿಗಳೂ ಮಾಡೋಕೆ ಶುರು ಮಾಡಿದ್ವು. ಆಕ್ರೋ 1914ರಲ್ಲೇ ಆಕ್ರನ್ ಬಿಟ್ಟು ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಹೋಗಿ 1951ರಲ್ಲಿ ಬಾಗಿಲು ಹಾಕ್ತು. ಹಂಗಾಗಿ ಆ ನಾಲ್ಕನ್ನ ಯಾರೋ ಆಮೇಲೆ ತುಂಬಿದ್ದು, ಇದರಲ್ಲಿ ಅನುಮಾನನೇ ಬೇಡ. "ತೆಗೆದೇ ಇಲ್ಲ" ಅನ್ನೋ ಮಾತು ಅಲ್ಲಿಗೆ ಬಿತ್ತು. ಆದ್ರೆ ಅಷ್ಟಕ್ಕೇ ಡಬ್ಬಿ ಡೂಪ್ಲಿಕೇಟ್ ಅನ್ನೋಕಾಗಲ್ಲ, ಮಕ್ಕಳು ಆಡಿ ಕಳ್ಕೊಂಡಿರ್ತಾರೆ, ಮನೆಯವರು ಕೈಗೆ ಸಿಕ್ಕಿದ್ದು ಹಾಕಿಟ್ಟಿರ್ತಾರೆ.

ಒಂದು ವರ್ನಿಯರ್ ತಗೊಂಡು 21ನ್ನೂ ಅಳೀರಿ, ಒಂದು ಇಂಚಿನ ಎಂಟು ಭಾಗದಲ್ಲಿ ಐದು, ಅಂದ್ರೆ ಹೆಚ್ಚು ಕಡಿಮೆ 16 ಮಿಲಿಮೀಟರ್, ಅದು ಮಾಮೂಲಿ ಸೈಜು. ತೀರಾ ಫಳಫಳ ಅಂತ ಕನ್ನಡಿ ಥರ ಇದ್ರೆ ಪಾಲಿಶ್ ಮಾಡಿರ್ತಾರೆ, ಅದಕ್ಕೆ ಬೆಲೆ ಕಡಿಮೆ.

ನಾನೂ ಒಂದ್ಸಲ ಏಟು ತಿಂದಿದೀನಿ. 1940ರದ್ದು ಅಂತ ಒಂದು ಪ್ಲಾಸ್ಟಿಕ್ ಚೀಲ ತಗೊಂಡೆ, ಮೇಲೆ ರಟ್ಟಿನ ಚೀಟಿ ಮಡಚಿ ಪಿನ್ ಹೊಡೆದಿತ್ತು. ಮನೇಲಿ ಓದಿದ್ರೆ ಆ ಚೀಟಿ ಮೇಲಿನ ವಿಳಾಸದಲ್ಲಿ ಐದು ಅಂಕಿಯ ಜಿಪ್ ಕೋಡ್, ಅಂದ್ರೆ ಅಮೆರಿಕದ ಅಂಚೆ ಪಿನ್‌ಕೋಡ್! ಅದು ಬಂದಿದ್ದೇ 1963ರಲ್ಲಿ. ಅಂದಿಂದ ಚೀಲ ಕಂಡ್ರೆ ಮೊದಲು ವಿಳಾಸ ಓದ್ತೀನಿ, ಆಮೇಲೆ ಪಿನ್ ಪಕ್ಕ ಖಾಲಿ ತೂತು ಇದಾವಾ ಅಂತ ನೋಡ್ತೀನಿ, ಇದ್ರೆ ಬಿಚ್ಚಿ ಮತ್ತೆ ಹೊಡೆದಿದಾರೆ ಅಂತ.

ಅಚ್ಚಿನಮನಿ_ಗದಗ:
ನಮ್ದು ಗದಗ್ರಿ, ಅಪ್ಪನ ಕಾಲದಿಂದ ಪ್ರಿಂಟಿಂಗ್ ಪ್ರೆಸ್ ಐತಿ. ನಮ್ಮ ಕಡೆ ಗೋಟಿ ಅಂತೀವ್ರಿ. ಗೋಟಿ ವಿಚಾರ ಮ್ಯಾಲಿನವ್ರು ಹೇಳ್ಯಾರ, ನಾ ಡಬ್ಬಿ ಅಷ್ಟ ಹೇಳ್ತೀನಿ.

ಹತ್ತು ಪಟ್ಟು ದೊಡ್ಡದಾಗಿ ಕಾಣೂ ಭೂತಗನ್ನಡಿ ತಗೊಂಡು ಆ ಕಾಗಿ ಚಿತ್ರ ನೋಡ್ರಿ. ಆ ಕಾಲದಾಗ ಇಂಥಾ ಡಬ್ಬಿಗೆ ಒಂದೆರಡು ಬಣ್ಣ, ಒಂದೊಂದು ಬಣ್ಣಕ್ಕ ಒಂದೊಂದು ಸಲ ಅಚ್ಚು. ಹಿಂಗಾಗಿ ಕೆಂಪು ಅಂದ್ರ ತುಂಬಿದ ಕೆಂಪು, ಅಂಚು ಚೂಪ್ ಇರ್ತೈತಿ, ಒಂದು ಬಣ್ಣ ಸ್ವಲ್ಪ ಸರದು ಬಿದ್ದಿದ್ರೂ ಅದು ಒಳ್ಳೇ ಲಕ್ಷಣ. ಈಗಿನವ್ರು ಹಳೇ ಡಬ್ಬಿ ಸ್ಕ್ಯಾನ್ ಮಾಡಿ ಪ್ರಿಂಟ್ ತಗದಿದ್ರ ಕೆಂಪಿನೊಳಗ ಗುಲಾಬಿ ಚುಕ್ಕಿ, ಹಳದಿ ಚುಕ್ಕಿ, ನೀಲಿ ಚುಕ್ಕಿ ಕಲಸಿದಂಗ ಕಾಣ್ತಾವ, ಅಂಚು ಮಬ್ಬ ಇರ್ತೈತಿ.

ಇನ್ನೊಂದ್ ಭಾಳ ಮುಖ್ಯ ಐತ್ರಿ. ಸ್ಕ್ಯಾನ್ ಮಾಡಿದಾಗ ಹಳೇ ಡಬ್ಬಿ ಮ್ಯಾಲಿನ ಕಲಿ, ಗೀರು, ಮಡಿಕಿ ಎಲ್ಲಾ ಚಿತ್ರದೊಳಗ ಬಂದ್ಬಿಡ್ತೈತಿ. ಅದಕ್ಕ ಕಣ್ಣಿಗೆ ಕಾಣೂ ಪ್ರತಿ ಗೀರಿನ ಮ್ಯಾಲೂ ಉಗುರು ಆಡಿಸಿ ನೋಡ್ರಿ. ಕಣ್ಣಿಗೆ ಕಾಣ್ತೈತಿ, ಉಗುರಿಗೆ ಹತ್ತಂಗಿಲ್ಲ ಅಂದ್ರ ಅದು ಅಚ್ಚಾದ ಗೀರು, ಡಬ್ಬಿ ಹೊಸಾದು.

ಆಮ್ಯಾಲ ಕತ್ತಲಿ ಖೋಲ್ಯಾಗ ಯುವಿ ಟಾರ್ಚ್, ಅಂದ್ರ ನೇರಳಾತೀತ ಬೆಳಕಿನ ಟಾರ್ಚ್, ಬಿಡ್ರಿ. 1950ರ ಆಚೆ ಈಚೆಯಿಂದ ಕಾಗದ ಬೆಳ್ಳಗ ಕಾಣ್ಲಿ ಅಂತ ಒಂದು ಕೆಮಿಕಲ್ ಹಾಕ್ಲಿಕ್ಕೆ ಹತ್ಯಾರ, ಅದು ಟಾರ್ಚಿಗೆ ನೀಲಿ ಬಿಳಿ ಹೊಳಿತೈತಿ. ಹೊಳದ್ರ ಹೊಸಾದು. ಆದ್ರ ಹೊಳೀಲಿಲ್ಲ ಅಂದ್ರ ಹಳೇದ ಅಂತ ತಿಳ್ಕೋಬ್ಯಾಡ್ರಿ, ಆ ಕೆಮಿಕಲ್ ಇಲ್ಲದ ಬೂದು ರಟ್ಟು ಇವತ್ತೂ ಸಿಗ್ತೈತಿ. ಮುಚ್ಚಳ, ತಳ, ಒಳಗಿನ ಮನಿ, ಮೂರೂ ಬ್ಯಾರೆ ಬ್ಯಾರೆ ನೋಡ್ರಿ.

ಕೊಲಂಬಸ್_ಗೋಲಿ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಎಲ್ಲಾ ಮಾಡ್ದೆ. ಗೋಲಿಗಳು 15.5ರಿಂದ 16.2 ಮಿಲಿಮೀಟರ್ ಒಳಗೆ ಇವೆ, ಪಾಲಿಶ್ ಆದಂಗಿಲ್ಲ, ಚಿಕ್ಕ ಚಿಕ್ಕ ಏಟು ಇದಾವೆ. ಮುಚ್ಚಳದ ಬಣ್ಣ ತುಂಬಿದ ಬಣ್ಣನೇ, ಚುಕ್ಕಿ ಇಲ್ಲ, ಗೀರೆಲ್ಲಾ ಉಗುರಿಗೆ ಸಿಗುತ್ತೆ. ಟಾರ್ಚ್ ಬಿಟ್ರೆ ಮುಚ್ಚಳ ತಳ ಎರಡೂ ಮಂಕು, ಒಂದು ಮೂಲೇಲಿ ಮಾತ್ರ ಟೇಪ್ ಅಂಟಿಸಿರೋ ಪಟ್ಟಿ ಕಾಣ್ತು. ಆದ್ರೆ ಒಳಗಿನ ಮನೆ ಇದೆಯಲ್ಲ, ಟ್ಯೂಬ್‌ಲೈಟ್ ಹಾಕಿದಂಗೆ ಹೊಳೀತು! ಚೀಲಾನೂ ಹೊಳೀತು. ಮನೆ ತೆಗೆದು ನೋಡಿದ್ರೆ ಡಬ್ಬಿ ತಳದಲ್ಲಿ ದುಂಡು ದುಂಡು ಮಸುಕು ಕಲೆ ಸಾಲಾಗಿವೆ, ಅವಕ್ಕೂ ಈ ಮನೆಗೂ ಲೆಕ್ಕ ಕೂಡ್ತಾ ಇಲ್ಲ, ಐದರ ಬದಲು ನಾಲ್ಕೇ ಸಾಲು. ಚೀಲಾನೂ ಹೊಸದು ಅಂತ ಬಿಟ್ಬಿಡ್ಲಾ?

ಸುಮಾ_ಮೈಸೂರು:
ಚೀಲದ ವಿಷಯದಲ್ಲಿ ಆತುರ ಬೇಡ. ನಾನು ಹಳೇ ಸೀರೆ ಕುಪ್ಪಸ ಕೂಡಿಡೋಳು, ನಮ್ಮಲ್ಲೂ ಇದೇ ಕಷ್ಟ. ಈಗಿನ ಸೋಪಿನ ಪುಡೀಲೂ ಅದೇ ಹೊಳೆಯೋ ಕೆಮಿಕಲ್ ಇರುತ್ತೆ, ನೂರು ವರ್ಷದ ಬಟ್ಟೇನ ಒಂದೇ ಒಂದ್ಸಲ ಒಗೆದ್ರೂ ಟಾರ್ಚಿಗೆ ಹೊಳೆಯುತ್ತೆ. ಹೊಲಿಗೆ ಒಳಭಾಗ ಮಗುಚಿ ದಾರ ನೋಡಿ, ದಾರ ಪಾಲಿಯೆಸ್ಟರ್ ಆಗಿದ್ರೆ ಆಗ ಬಿಡಬಹುದು. ಹತ್ತಿ ದಾರ ಆದ್ರೆ ಚೀಲ ಸಾಕ್ಷಿ ಹೇಳಲ್ಲ ಅಷ್ಟೇ, ಹಿಂಗೂ ಇಲ್ಲ ಹಂಗೂ ಇಲ್ಲ.

ಆ ಟೇಪ್ ಮಾತ್ರ ಕೀಳೋಕೆ ಹೋಗ್ಬೇಡಿ, ರಟ್ಟಿನ ಮೇಲಿನ ಪದರ ಸಮೇತ ಕಿತ್ಕೊಂಡು ಬರುತ್ತೆ. ಒದ್ದೆ ಬಟ್ಟೇಲಿ ಒರೆಸ್ಬೇಡಿ. ಆಸಿಡ್ ಇಲ್ಲದ ಟಿಶ್ಯೂ ಪೇಪರ್ ಸುತ್ತಿ, ಗೋಲಿಗಳನ್ನ ಹೊರಗೆ ಬೇರೆ ಇಡಿ, ಅಷ್ಟು ಭಾರ ಹಳೇ ರಟ್ಟಿನ ಮೂಲೆಗಳು ತಡೆಯಲ್ಲ.

ಹಳೇಗಾಜು:
ಸುಮಾ ಮೇಡಂ ಹೇಳಿದ್ದು ಸರಿ. ರಾಯರೇ, ನಿಮ್ಮ ಹತ್ರ ಇರೋದು ನಿಜವಾದ ಆಕ್ರೋ ಮುಚ್ಚಳ, ತಳ, 21 ನಿಜವಾದ ಗೋಲಿ. ಆ ಗೋಲಿಗಳು ಇದೇ ಡಬ್ಬೀಲಿ ಹುಟ್ಟಿದ್ವು ಅಂತ ಮಾತ್ರ ಯಾರೂ ಹೇಳೋಕಾಗಲ್ಲ, ಇದನ್ನ ಸಂಗ್ರಾಹಕರು ಮದುವೆ ಮಾಡಿಸಿದ ಸೆಟ್ ಅಂತಾರೆ. ಮೋಸದ ಮಾಲು ಅಂತಲ್ಲ, ಆದ್ರೆ ಪೂರ್ತಿ ಸೆಟ್ಟಿನ ಬೆಲೆ ಅಲ್ಲ. ಏನು ಹಳೇದು ಏನು ಹೊಸದು ಅಂತ ಪೆನ್ಸಿಲಲ್ಲಿ ಒಂದು ಚೀಟಿ ಬರೆದು ಡಬ್ಬಿ ಜೊತೆನೇ ಇಡಿ, ನಾಳೆ ನಿಮ್ಮ ಕೈಯಿಂದ ಇನ್ನೊಬ್ರ ಕೈಗೆ ಹೋದ್ರೂ ಅವರಿಗೆ ನಿಮ್ಮ ಗತಿ ಆಗಬಾರದು.

ಕೊಲಂಬಸ್_ಗೋಲಿ:
ಚೀಟಿ ಬರೆದೆ. ಚೀಲದ ದಾರ ಹತ್ತಿ, ಅದನ್ನೂ ಹಂಗೇ ಬರೆದಿಟ್ಟೆ. ಮಾರಿದೋನಿಗೆ ಫೋನ್ ಮಾಡಿ ಒಳಗಿನ ಮನೆ ವಿಷಯ ಹೇಳಿದೆ, 50 ಡಾಲರ್ ವಾಪಸ್ ಕೊಡ್ತೀನಿ ಅಂದ. ಆ 4 ಬೆಕ್ಕಿನ ಕಣ್ಣು ನನ್ನ ಮಗಳ ಕೈಲಿವೆ, ಸಂಜೆ ಅವಳಿಗೆ ಬೆರಳು ಬಗ್ಗಿಸಿ ಹೊಡೆಯೋದು ಹೇಳಿಕೊಡ್ತಾ ಇದೀನಿ.