ಅತ್ತೆ, ಆ ಫಾರ್ವರ್ಡ್ ನೋಡಿ ಹೆದರಬೇಡಿ

ಶಾರದತ್ತೆ, ನೀವು ಬೆಳಿಗ್ಗೆ ಹಾಕಿದ ಮೆಸೇಜ್ ಓದಿದೆ. ಕೊಲೆಸ್ಟ್ರಾಲ್ ಟೆಸ್ಟಿನಲ್ಲೇ ಅಂಡಾಶಯದ ಕ್ಯಾನ್ಸರ್ ಗೊತ್ತಾಗುತ್ತದೆ ಅಂತ ಬರೆದಿದ್ದಾರೆ. ನಿಮ್ಮ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 160 ಬಂದಿದೆ ಅಂತ ನಿಮಗೆ ಗಾಬರಿ, ಅಲ್ವಾ?

ಅದು ಪೂರ್ತಿ ಸುಳ್ಳೂ ಅಲ್ಲ ಅತ್ತೆ. ಜೀವಕೋಶದ ಹೊರಪದರಕ್ಕೆ ಕೊಲೆಸ್ಟ್ರಾಲ್ ಬೇಕು. ಕ್ಯಾನ್ಸರ್ ಕೋಶಗಳು ಬೇಗ ಬೇಗ ಬೆಳೆಯುತ್ತವಲ್ಲ, ಅದನ್ನು ರಕ್ತದಿಂದ ಜಾಸ್ತಿ ಎಳೆದುಕೊಳ್ಳುತ್ತವೆ. ಹಾಗಾಗಿ ಕೆಲವು ರೋಗಿಗಳಲ್ಲಿ ಕೊಲೆಸ್ಟ್ರಾಲ್ ಕಡಿಮೆ ಇದ್ದದ್ದು ಕಂಡಿದೆ. ಕಡಿಮೆ! ನೀವು ಹೆದರಿದ್ದು ಜಾಸ್ತಿ ಬಂತು ಅಂತ. ಊಟ ಸೇರದೆ ತೂಕ ಇಳಿದರೂ ಅದು ಇಳಿಯುತ್ತದೆ. ಥೈರಾಯ್ಡ್, ಶುಗರ್, ಮುಟ್ಟು ನಿಲ್ಲುವುದು, ನೀವು ನುಂಗುವ ಮಾತ್ರೆ, ಎಲ್ಲವೂ ಅದನ್ನು ಏರಿಳಿಸುತ್ತವೆ. ಆ ಒಂದು ನಂಬರ್ ಹಿಡಿದುಕೊಂಡು ಯಾವ ಡಾಕ್ಟರೂ ಕ್ಯಾನ್ಸರ್ ಅಂತ ಹೇಳುವುದಿಲ್ಲ.

ಈ ಕಾಯಿಲೆಗೆ ಅಂತಲೇ ಸಿಎ-125 ಅನ್ನುವ ರಕ್ತಪರೀಕ್ಷೆ ಇದೆ. 35ರ ಒಳಗಿದ್ದರೆ ನಾರ್ಮಲ್. ಆದರೆ ಗರ್ಭಕೋಶದಲ್ಲಿ ಗಡ್ಡೆ ಇದ್ದರೂ, ಮುಟ್ಟಾಗಿದ್ದರೂ, ಹೊಟ್ಟೆಯ ಟಿಬಿ ಇದ್ದರೂ ಅದು ಏರುತ್ತದೆ. ಕ್ಯಾನ್ಸರ್ ಶುರುವಿನಲ್ಲಿರುವಾಗ ಎಷ್ಟೋ ಜನರಿಗೆ ಏರುವುದೇ ಇಲ್ಲ. ಬ್ರಿಟನ್ನಿನಲ್ಲಿ 50 ದಾಟಿದ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು, ಅರ್ಧದಷ್ಟು ಜನರಿಗೆ ವರ್ಷಾವರ್ಷ ಈ ಟೆಸ್ಟ್ ಅಥವಾ ಸ್ಕ್ಯಾನ್ ಮಾಡಿ ನೋಡಿದರು. ಅದರಿಂದ ಸಾವು ಕಡಿಮೆಯಾಗಲಿಲ್ಲ ಅಂತ 2021ರಲ್ಲಿ ಫಲಿತಾಂಶ ಬಂತು. ಅದಕ್ಕೇ ಅಂತ ಇರುವ ಟೆಸ್ಟಿನ ಕಥೆಯೇ ಹೀಗೆ. ಹಾಂ, ಪ್ಯಾಪ್ ಸ್ಮಿಯರ್ ಮಾಡಿಸಿದ್ದೀನಲ್ಲ ಅನ್ನಬೇಡಿ, ಅದು ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ.

ನಳಿನಿ ಚಿಕ್ಕಮ್ಮ, ನೀವೂ ಕೇಳಿಸಿಕೊಳ್ಳಿ. ಮೊನ್ನೆ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕಾಗುತ್ತದೆ ಅಂತಿದ್ದಿರಿ. ಗ್ಯಾಸ್ ಅಂತ ಸುಮ್ನೆ ಜೀರಿಗೆ ಕಷಾಯ ಕುಡಿಯುತ್ತಾ ಕೂರಬೇಡಿ. ಉಬ್ಬರ, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗುವುದು, ಇವು ಅಂಡಾಶಯದ ಕ್ಯಾನ್ಸರಿನ ಲಕ್ಷಣವೂ ಆಗಿರಬಹುದು, ಎರಡು ಮೂರು ವಾರ ಬಿಡದೆ ಇದ್ದರೆ ತೋರಿಸಲೇಬೇಕು. ಹೆಚ್ಚಿನವರಿಗೆ ಬೇರೇನೋ ಕಾರಣ ಇರುತ್ತದೆ, ಆದರೂ ಸ್ಕ್ಯಾನ್ ಆಗಲಿ. ನಮ್ಮ ಅಜ್ಜಿಗೆ ಸ್ತನದ ಕ್ಯಾನ್ಸರ್ ಇತ್ತು ಅನ್ನುವುದನ್ನೂ ಮರೆಯದೆ ಹೇಳಿ. ಬಿಆರ್‌ಸಿಎ ಅನ್ನುವ ಜೀನಿನಲ್ಲಿ ದೋಷವಿದ್ದರೆ ಎರಡೂ ಕ್ಯಾನ್ಸರುಗಳು ಒಂದೇ ಮನೆತನದಲ್ಲಿ ಬರಬಹುದು.

ಅತ್ತೆ, ನಿಮ್ಮ 160 ಹೃದಯಕ್ಕೆ ಸಂಬಂಧಪಟ್ಟ ವಿಷಯ. ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಚಿಕ್ಕಮ್ಮ, ಶನಿವಾರ ನನಗೆ ರಜೆ ಇದೆ, ಲೇಡಿ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಲಾ?