ಯುಗ ಅಂದ್ರೆ ನಿಜವಾಗಿ ಎಷ್ಟು ವರ್ಷ?

ಪ್ರಶ್ನೆ:
ಯುಗಾದಿ ದಿನ ಬೇವು-ಬೆಲ್ಲ ಕೊಡ್ತಾ ಮಗಳಿಗೆ "ಯುಗದ ಆದಿಯೇ ಯುಗಾದಿ" ಅಂದೆ. ಆರನೇ ಕ್ಲಾಸು. "ಕಲಿಯುಗ ಒಂದಕ್ಕೇ 4,32,000 ವರ್ಷ ಅಂತ ತಾತ ಹೇಳಿದ್ರಲ್ಲ, ಮತ್ತೆ ಯುಗಾದಿ ವರ್ಷಾವರ್ಷ ಯಾಕೆ ಬರುತ್ತೆ?" ಅಂದಳು. ಉತ್ತರ ತೋಚಲಿಲ್ಲ. ಈ ಪದದ ಮೂಲ ಅರ್ಥ ಏನು? ತಿಳಿದವರು ಬಿಡಿಸಿ ಹೇಳಿ.

ಉತ್ತರ 1:
ತಾತ ಹೇಳಿದ್ದು ಸರಿಯಾಗಿದೆ. ದ್ವಾಪರ ಅದರ ಎರಡರಷ್ಟು, ತ್ರೇತಾ ಮೂರರಷ್ಟು, ಕೃತ ನಾಲ್ಕರಷ್ಟು. ಒಟ್ಟು 43,20,000. ಅಂಥ ಸಾವಿರ ಸೇರಿದರೆ ಒಂದು ಕಲ್ಪ, ಅಂದರೆ 432 ಕೋಟಿ ವರ್ಷ.

ಉತ್ತರ 2:
ನಾನು ಕನ್ನಡ ಮೇಷ್ಟ್ರಾಗಿದ್ದವನು, ಆದರೆ ಈ ಪದ ನನಗೆ ಅರ್ಥವಾದದ್ದು ನಮ್ಮಪ್ಪನ ಹೊಲದಲ್ಲಿ.

ಸಂಸ್ಕೃತದಲ್ಲಿ ಯುಗ ಅಂದರೆ ಮೊದಲು ನೊಗ. 'ಯುಜ್' ಅಂದರೆ ಹೂಡು, ಜೋಡಿಸು. ಯೋಗ, ಯುಗಳ, ಯುಗ್ಮ ಎಲ್ಲ ಅದರಿಂದಲೇ ಬಂದವು. (ನಮ್ಮ 'ನೊಗ' ಬೇರೆ. ಅದು ತಮಿಳಿನ ನುಗಂ ಜೊತೆ ಹೋಗುವ ದ್ರಾವಿಡ ಪದ.)

ಅಪ್ಪನ ಎತ್ತುಗಳಲ್ಲಿ ಎಡಗಡೆಯದು ಚುರುಕು, ಬಲಗಡೆಯದು ನಿಧಾನ. ನೊಗ ಓರೆಯಾದಾಗಲೆಲ್ಲ ಅಪ್ಪ ಮುಂದಿನದನ್ನು ತಡೆದು, ಹಿಂದಿನದು ಬಂದು ಸೇರುವ ತನಕ ಕಾಯುತ್ತಿದ್ದರು. ವೇದಾಂಗ ಜ್ಯೋತಿಷ ಅನ್ನುವ ಹಳೆಯ ಕಾಲಗಣನೆಯ ಗ್ರಂಥದ ಯುಗದಲ್ಲೂ ಇಂಥದ್ದೇ ಕೆಲಸ ನಡೆಯುತ್ತೆ. ಅಲ್ಲಿ ಯುಗ ಅಂದರೆ ಬರೀ 5 ವರ್ಷ, 1,830 ದಿನ! ಅಷ್ಟರಲ್ಲಿ 62 ಚಾಂದ್ರಮಾಸ ಆಗುತ್ತವೆ. 5 ವರ್ಷಕ್ಕೆ 60 ತಿಂಗಳಷ್ಟೇ ಆಗಬೇಕಲ್ಲ, ಮಿಕ್ಕ ಎರಡನ್ನು ಅಧಿಕಮಾಸ ಅಂತ ಸೇರಿಸಿದರು. ಸೂರ್ಯ ಚಂದ್ರ ಮತ್ತೆ ಒಂದೇ ನೊಗಕ್ಕೆ ಬಂದರು. ಆ ಲೆಕ್ಕ ಓದಿದ ದಿನ ನನಗೆ ಅಪ್ಪನೇ ಕಣ್ಣೆದುರು ನಿಂತಂತಾಯಿತು.

ಋಗ್ವೇದದ ಮೊದಲ ಮಂಡಲದಲ್ಲಿ ದೀರ್ಘತಮಸ್ ಋಷಿ "ಹತ್ತನೇ ಯುಗದಲ್ಲಿ ಮುದುಕನಾದ" ಅಂತಿದೆ. ಮನುಷ್ಯ ಮುದುಕನಾಗೋಕೆ ಲಕ್ಷಾಂತರ ವರ್ಷ ಬೇಕೇ? ಪದ ಲಕ್ಷಗಳಿಗೆ ಬೆಳೆದದ್ದು ಆಮೇಲೆ.

ಮಗಳ ಪ್ರಶ್ನೆಗೆ ಹೀಗೆ ಹೇಳಿ: ಬ್ರಹ್ಮ ಸೃಷ್ಟಿ ಶುರುಮಾಡಿದ್ದು ಚೈತ್ರ ಶುದ್ಧ ಪಾಡ್ಯದಂದು ಅಂತ ನಂಬಿಕೆ. ಅವಳು ಹುಟ್ಟಿದ್ದು ಒಂದೇ ಸಲ, ಹುಟ್ಟುಹಬ್ಬ ಮಾತ್ರ ಪ್ರತಿ ವರ್ಷ.

ಉತ್ತರ 3:
ಐಹೊಳೆಗೆ ಹೋದರೆ ಮೇಗುತಿ ಗುಡಿಯ ಗೋಡೆ ನೋಡಿ. ಇಮ್ಮಡಿ ಪುಲಕೇಶಿಯ ಕಾಲದ ಕವಿ ರವಿಕೀರ್ತಿ ತನ್ನ ಶಾಸನದಲ್ಲಿ ಮಹಾಭಾರತ ಯುದ್ಧದಿಂದ 3,735 ವರ್ಷ, ಶಕ 556 ಅಂತ ಎರಡೂ ಲೆಕ್ಕ ಕೊಟ್ಟು, 'ಕಲೌ ಕಾಲೇ' (ಕಲಿಕಾಲದಲ್ಲಿ) ಅಂದಿದ್ದಾನೆ. ಕ್ರಿ.ಶ. 634ರ ಸುಮಾರು. ಕಲಿಯುಗವನ್ನು ನಮ್ಮ ನಾಡಿನ ಕಲ್ಲಿನ ಮೇಲೇ ಎಣಿಸಿಟ್ಟಿದ್ದಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ನಮಸ್ಕಾರ. ಮೇಷ್ಟ್ರೇ, ಹುಟ್ಟುಹಬ್ಬದ ಮಾತು ಅವಳಿಗೆ ತಕ್ಷಣ ಹಿಡಿಸಿತು. ಆದರೆ "ನೊಗ ಅಂದ್ರೆ ಏನು?" ಅಂತ ಕೇಳ್ತಿದ್ದಾಳೆ, ಕಣ್ಣಲ್ಲಿ ನೋಡೇ ಇಲ್ಲ. ಫೋಟೋ ಇದ್ದರೆ ಹಾಕ್ತೀರಾ?

ಉತ್ತರ 2:
ಅಪ್ಪನದೇ ಅಟ್ಟದ ಮೇಲಿದೆ. ಎತ್ತಿನ ಹೆಗಲು ತಿಕ್ಕಿ ತಿಕ್ಕಿ ಎರಡು ಕಡೆ ಮರ ನುಣ್ಣಗಾಗಿದೆ. ನಾಳೆ ಇಳಿಸಿ ತೆಗೀತೀನಿ.