ಬೇಣದಲ್ಲಿ (ಹುಲ್ಲುಗಾವಲಲ್ಲಿ) ಹೊಟ್ಟೆತುಂಬ ಮೇಯ್ದು ಬಂದ್ರೂ ಹಾಲು ಇಳೀತಾ ಇದೆ, ಒಂದು ದನದ ಬಿಳಿ ಚರ್ಮ ಮಾತ್ರ ಸುಲೀತಾ ಇದೆ. ಏನಿದು?

ಶಿರಸಿ, ಹುಲೇಕಲ್ ಕಡೆಯಿಂದ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಒಂದೆಕರೆ ಅಡಿಕೆ ತೋಟ, ಅದರ ಮೇಲ್ಗಡೆ ಮೂರೆಕರೆ ನಮ್ಮದೇ ಬೇಣ ಇದೆ. ಬೇಣ ಸುಮ್ನೆ ಬಿದ್ದಿತ್ತು, ತೋಟಕ್ಕೆ ಗೊಬ್ಬರ ನೋಡಿದ್ರೆ ಪ್ರತಿವರ್ಷ ದುಡ್ಡು ಕೊಟ್ಟು ತರ್ಸೋದು, ಹಾಗಾಗಿ ಎರಡು ದನ ಕಟ್ಟಿದ್ರೆ ಹುಲ್ಲು ಪುಕ್ಕಟೆ, ಗೊಬ್ಬರ ಮನೇದು, ಡೇರಿಗೆ ಹಾಲು ಹಾಕಿ ನಾಲ್ಕು ಕಾಸೂ ಬರ್ತದೆ ಅಂತ ಲೆಕ್ಕ ಹಾಕಿ ಜನವರಿಲಿ ಎರಡು ಗಬ್ಬದ ದನ ತಂದೆ. ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಕಪ್ಪು ಬಿಳಿ, ಏಪ್ರಿಲ್‌ನಲ್ಲಿ ಕರು ಹಾಕ್ತು. ಇನ್ನೊಂದು ಜರ್ಸಿ ಮಿಶ್ರತಳಿ, ಅದು ಜುಲೈಯಲ್ಲಿ.

ಜರ್ಸಿ ಶುರುವಿಗೆ ದಿನಕ್ಕೆ 8 ಲೀಟರ್ ಕೊಡ್ತಿತ್ತು, ಈಗ 4 ಬಂದ್ರೆ ಹೆಚ್ಚು. ಬೆಳಿಗ್ಗೆ ಬಿಟ್ರೆ ಸಂಜೆ ಹೊಟ್ಟೆ ಡೋಲಿನ ಹಾಗೆ ಮಾಡ್ಕೊಂಡು ಬರ್ತದೆ, ಆದ್ರೆ ಬೆನ್ನಿನ ಮೂಳೆ ಎದ್ದು ಕಾಣ್ತಾ ಇದೆ. ಒಣಹಾಕಿದ ಪಂಚೆ, ಹಗ್ಗ, ಮೊನ್ನೆ ಎಲ್ಲಿಂದಲೋ ಒಂದು ಹಳೇ ಮೂಳೆ ಬಾಯಲ್ಲಿಟ್ಕೊಂಡು ಅರ್ಧ ಗಂಟೆ ಅಗೀತಾ ನಿಂತಿತ್ತು.

ಎಚ್‌ಎಫ್‌ದು ಬೇರೆಯೇ ಕತೆ. ನಾಲ್ಕು ದಿನದಿಂದ ಮೈಮೇಲೆ ಬಿಳಿ ಇರೋ ಕಡೆ ಮಾತ್ರ ಚರ್ಮ ಬಿರುಸಾಗಿ, ಒಣಗಿದ ಹಾಳೆ ತರ ಅಂಚಿಂದ ಏಳ್ತಾ ಇದೆ. ಅದರ ಪಕ್ಕದಲ್ಲೇ ಇರೋ ಕಪ್ಪು ಚರ್ಮಕ್ಕೆ ಏನೂ ಆಗಿಲ್ಲ, ಗೆರೆ ಎಳೆದ ಹಾಗೆ ಅಲ್ಲಿಗೇ ನಿಂತಿದೆ. ಬಿಸಿಲಿಗೆ ಬಿಟ್ರೆ ಒದ್ದಾಡ್ತದೆ, ಮೇವು ಮುಟ್ತಾ ಇಲ್ಲ. ಚರ್ಮಗಂಟು ರೋಗ ಅಂತ ಪಕ್ಕದ ಮನೆಯವ್ರು ಹೆದರಿಸಿದ್ದಾರೆ. ಗೊತ್ತಿದ್ದವ್ರು ದಯವಿಟ್ಟು ಹೇಳಿ.

ಕುಮಟಾದಿಂದ

ತಮ್ಮಾ, ಮೊದಲು ಆ ಎಚ್‌ಎಫ್‌ನ ಬಿಸಿಲಿಂದ ಒಳಗೆ ತಂದು ಕಟ್ಟು, ಉಳಿದದ್ದು ಆಮೇಲೆ. ಚರ್ಮಗಂಟಾದ್ರೆ ಕಪ್ಪು ಬಿಳಿ ಅಂತ ನೋಡೋದಿಲ್ಲ, ಮೈತುಂಬ ಗಟ್ಟಿ ಗಂಟು ಏಳ್ತದೆ, ಜ್ವರ ಬರ್ತದೆ. ಇದು ಅದಲ್ಲ ಅನ್ಸತ್ತೆ. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡು ಯಾವ ಬಣ್ಣ ಇದೆ ಅಂತ, ಮೂತ್ರ ಯಾವ ಬಣ್ಣ, ಸಗಣಿ ಹೇಗಿದೆ, ಬೇಣದಲ್ಲಿ ಲಂಟಾನ (ಬಣ್ಣಬಣ್ಣದ ಹೂವಿನ ಕಾಡು ಪೊದೆ) ಇದೆಯಾ? ಹಿಂಡಿ ಎಷ್ಟು ಹಾಕ್ತಾ ಇದ್ದೀಯ ಅಂತಾನೂ ಬರಿ. ಇಷ್ಟರೊಳಗೆ 1962ಕ್ಕೆ ಫೋನ್ ಮಾಡು, ಪಶು ಸಂಜೀವಿನಿ ಅಂತ ದನದ ಚಿಕಿತ್ಸೆಯ ಗಾಡಿ ಬರ್ತದೆ, ತಡ ಮಾಡಬೇಡ.

ಶಿರಸಿ, ಹುಲೇಕಲ್ ಕಡೆಯಿಂದ

ಅಣ್ಣಾ, ರೆಪ್ಪೆ ಒಳಗೆ ಅರಿಶಿನ ಹಚ್ಚಿದ ಹಾಗಿದೆ. ಮೂತ್ರ ಕಡು ಹಳದಿ, ಕೆಂಪಿಲ್ಲ. ಸಗಣಿ ಗಟ್ಟಿ ಗಟ್ಟಿ, ಕಡಿಮೆ. ನೀವು ಕೇಳಿದ ಮೇಲೆ ಬೇಣಕ್ಕೆ ಹೋಗಿ ನೋಡ್ದೆ, ಹಳ್ಳದ ಬದಿ ಮೂಲೇಲಿ ಲಂಟಾನ ಮಟ್ಟಿ ಇದೆ, ಅಲ್ಲಿ ಹುಲ್ಲು ಬುಡದ ತನಕ ಮುಗಿದು ಲಂಟಾನದ ಎಳೇ ಕುಡಿ ಎಲ್ಲ ಕಚ್ಚಿ ಹಾಕಿದೆ. ಜುಲೈಯಿಂದ ಹಿಂಡಿ ಎರಡೂ ದನಕ್ಕೆ ಸೇರಿ ದಿನಕ್ಕೆ 2 ಕೆಜಿಗೆ ಇಳಿಸಿದ್ದೆ, ಹಸಿಹುಲ್ಲು ಇಷ್ಟು ಇರೋವಾಗ ಯಾಕೆ ಅಂತ. ಡಾಕ್ಟ್ರು ಮಧ್ಯಾಹ್ನ ಬರ್ತಾರೆ.

ಸಿದ್ದಾಪುರದಿಂದ

ಲಂಟಾನದ್ದೇ ವಿಷ ಅದು, ನಮ್ಮನೇಲಿ ಒಂದು ಕಡಸು ಇದೇ ಕಾರಣಕ್ಕೆ ಹೋಯ್ತು, ಆವಾಗ ನಂಗೆ ಗೊತ್ತಿರಲಿಲ್ಲ, ಬಿಸಿಲಿನ ಸುಟ್ಟಗಾಯ ಅಂತ ಎಣ್ಣೆ ಹಚ್ಚತಾ ಮೂರು ದಿನ ಕಳೆದೆ, ಆ ಮೂರು ದಿನ ಈಗ್ಲೂ ಮನಸ್ಸಿಂದ ಹೋಗಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೀತೇನೆ.

ಲಂಟಾನದ ವಿಷ ಹೊಡೆಯೋದು ಲಿವರ್‌ಗೆ. ದನ ತಿಂದ ಹಸಿರಿನಿಂದ ಹುಟ್ಟೋ ಒಂದು ಅಂಶವನ್ನ ಲಿವರ್ ಪಿತ್ತದ ಜೊತೆ ಹೊರಗೆ ಹಾಕ್ಬೇಕು, ಲಿವರ್ ಕೆಟ್ರೆ ಅದು ರಕ್ತದಲ್ಲೇ ಉಳಿದು ಚರ್ಮಕ್ಕೆ ಬರ್ತದೆ, ಬಿಸಿಲು ತಾಗಿದ ಕೂಡ್ಲೆ ಸುಡ್ತದೆ. ಕಪ್ಪು ಚರ್ಮ ಬಿಸಿಲು ತಡೀತದೆ, ಬಿಳಿ ಚರ್ಮ ತಡೆಯೋದಿಲ್ಲ, ನೀವು ಹೇಳಿದ ಗೆರೆ ಅದೇ. ಇನ್ನೊಂದು ವಿಷಯ, ಲಂಟಾನ ತಿಂದ ದನದ ಹೊಟ್ಟೆ ಮೆಲುಕು ಹಾಕೋದು ನಿಲ್ಲಿಸ್ತದೆ, ಎಲೆ ಅಲ್ಲೇ ಕೂತು ವಿಷ ಮತ್ತೆ ಮತ್ತೆ ಏರ್ತಾನೇ ಇರ್ತದೆ, ಬೇಣಕ್ಕೆ ಬಿಡೋದು ನಿಲ್ಲಿಸಿದ್ರೂ ವಾಸಿ ಆಗದೇ ಇರೋದು ಅದಕ್ಕೇ. ಡಾಕ್ಟ್ರು ಇದ್ದಿಲು ಪುಡಿ ಕುಡಿಸ್ಬಹುದು, ಡ್ರಿಪ್ ಹಾಕ್ಬಹುದು, ಅವ್ರು ಹೇಳಿದ ಹಾಗೇ ಮಾಡಿ. ಕತ್ತಲೆ ಕೊಟ್ಟಿಗೆ, ಬೇಕಾದಷ್ಟು ನೀರು, ಗಾಯಕ್ಕೆ ನೊಣ ಕೂರದ ಹಾಗೆ ನೋಡ್ಕೊಳ್ಳೋದು, ಇಷ್ಟು ನಿಮ್ಮ ಕೆಲಸ.

ಹಾಗಂತ ಲಂಟಾನ ಎದುರಿಗಿದ್ದ ಮಾತ್ರಕ್ಕೆ ದನ ಬಾಯಿ ಹಾಕೋದಿಲ್ಲ, ಹಸಿದಾಗ ಹಾಕ್ತದೆ. ನಿಮ್ಮ ಜರ್ಸಿ ಇಳಿದಿದ್ದೂ ಹಸಿವಿನಿಂದ್ಲೇ, ಹೊಟ್ಟೆ ತುಂಬಿದ ಹಸಿವು ಅದು. ಆಷಾಢದ ಹುಲ್ಲು ಹತ್ತು ಕೆಜಿ ಕೊಯ್ದು ಒಣಗಿಸಿ ತೂಕ ಮಾಡಿ, ಒಂದೂವರೆ ಎರಡು ಕೆಜಿ ಉಳೀತದೆ, ಉಳಿದದ್ದೆಲ್ಲ ನೀರು. 350-400 ಕೆಜಿ ತೂಗೋ ಹಾಲಿನ ದನಕ್ಕೆ ಒಣ ಲೆಕ್ಕದಲ್ಲಿ ದಿನಕ್ಕೆ 10 ಕೆಜಿ ಹತ್ರ ಬೇಕು. ಅಂದ್ರೆ 50-60 ಕೆಜಿ ಹಸಿಹುಲ್ಲು, ಆ ಸುರಿಯೋ ಮಳೇಲಿ ಇಳಿಜಾರಲ್ಲಿ ನಿಂತು ಯಾವ ದನ ಅಷ್ಟು ಮೇಯ್ತದೆ ಹೇಳಿ. ಮಳೆ ಹೋಗಿ ಒಣಗೋ ಹೊತ್ತಿಗೆ ಹುಲ್ಲು ಹೂ ಬಿಟ್ಟು ಕಡ್ಡಿ ಆಗ್ತದೆ, ಸತ್ವ ಇರೋದಿಲ್ಲ. ನಮ್ಮ ಬೇಣದ ಹುಲ್ಲು ನೋಡೋಕೆ ಚೆಂದ ಇರೋ ದಿನ ಬಹಳ, ತಿನ್ನೋಕೆ ಒಳ್ಳೇದಿರೋ ದಿನ ಕಡಿಮೆ.

ಮೂಳೆ ಅಗಿಯೋದು ರಂಜಕದ (ಫಾಸ್ಫರಸ್) ಕೊರತೆ. ಜಂಬಿಟ್ಟಿಗೆ ಮಣ್ಣು ನಮ್ದು, ಮಳೆ ಸತ್ವ ತೊಳ್ಕೊಂಡು ಹೋಗ್ತದೆ, ಮಣ್ಣಲ್ಲಿ ಇಲ್ಲದ್ದು ಹುಲ್ಲಲ್ಲಿ ಎಲ್ಲಿಂದ ಬರ್ಬೇಕು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು ಹಿಂಡಿ ಜೊತೆ ಕಲಸಿ ಹಾಕಿ. ಹಿಂಡಿ ದಿನಕ್ಕೆ ದನದ ಮೈ ಕಾಯೋಕೆ ಒಂದೂವರೆ ಕೆಜಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಒಂದೇ ಸಲ ಏರಿಸ್ಬೇಡಿ, ದಿನಕ್ಕೆ ಅರ್ಧ ಕೆಜಿ ಹಾಗೆ. ಬಿಡೋ ಮೊದಲು ಎರಡು ಹಿಡಿಕಟ್ಟು ಭತ್ತದ ಒಣಹುಲ್ಲು ತಿನ್ಸಿ. ಸಗಣಿ ಒಂದು ಡಬ್ಬೀಲಿ ಹಾಕಿ ಆಸ್ಪತ್ರೆಗೆ ಒಯ್ದು ಹುಳ ಇದೆಯಾ ನೋಡ್ಸಿ, ಗದ್ದೆ ನೀರಿನ ಕಡೆ ಮೇಯೋ ದನಕ್ಕೆ ಲಿವರ್ ಹುಳ ಇರ್ಬಹುದು, ದವಡೆ ಕೆಳಗೆ ನೀರು ತುಂಬಿದ ಊತ ಬಂದ್ರೆ ಅದರ ಗುರುತಿರ್ಬಹುದು.

ಮೂತ್ರ ಕೆಂಪಾದ್ರೆ ಅವತ್ತೇ ಡಾಕ್ಟ್ರಿಗೆ ಹೇಳಿ, ಉಣುಗಿನ (ಉಣ್ಣೆ ಹುಳದ) ಜ್ವರಕ್ಕೂ ಹಾಗಾಗ್ತದೆ, ರಂಜಕ ತೀರಾ ಇಳಿದ್ರೂ ಹಾಗಾಗ್ತದೆ, ಎರಡರ ಔಷಧಿ ಬೇರೆ. ನಮ್ಮ ಕಡೆ ಬೇಸಿಗೇಲಿ ಉಣುಗು ಅಂದ್ರೆ ಮನುಷ್ಯರಿಗೂ ಮಂಗನ ಕಾಯಿಲೆ ಭಯ, ಕಾಡಿಗೆ ಹೋಗಿ ಬಂದ ದನದ ಮೈಯಲ್ಲೂ ಉಣುಗು ಮನೆಗೆ ಬರ್ತದೆ, ಉಣುಗು ಹತ್ತದ ಹಾಗೆ ಮಾಡೋ ಡೇಪಾ ಎಣ್ಣೆ ಹಚ್ಚಿಕೊಳ್ಳದೆ ದನದ ಹಿಂದೆ ಹೋಗ್ಬೇಡಿ.

ಯಲ್ಲಾಪುರದಿಂದ

ಸಿದ್ದಾಪುರದ ಅಕ್ಕ ಹೇಳಿದ್ದೆಲ್ಲ ಸರಿ, ಆದ್ರೆ ಮೂಲ ತಪ್ಪು ದನ ಆರಿಸಿದ್ದು. ಬೇಣದ ಮೇಲೆ ಬದುಕೋದಾದ್ರೆ ಮಲೆನಾಡು ಗಿಡ್ಡ, ನಮ್ಮ ಕಡೆಯ ಸಣ್ಣ ನಾಡತಳಿ, ಸಾಕ್ಬೇಕು. ಎಚ್‌ಎಫ್ ತಿನ್ನೋದ್ರಲ್ಲಿ ಮೂರು ಗಿಡ್ಡ ಸಾಕ್ಬಹುದು, ಮಳೆಗೆ ಹೆದರೋದಿಲ್ಲ, ಇಳಿಜಾರು ಹತ್ತತದೆ, ಕಾಲುಬಾಯಿ ಜ್ವರ ಬಂದ್ರೂ ಅಷ್ಟಾಗಿ ಬಾಧಿಸೋದಿಲ್ಲ.

ಕುಮಟಾದಿಂದ

ಗಿಡ್ಡ ನಂಗೂ ಇಷ್ಟ ಮಾರಾಯ್ರೆ, ಆದ್ರೆ ಅದು ಕೊಡೋದು ಒಂದೆರಡು ಲೀಟರ್, ಕರು ಕುಡಿದು ಮನೆ ಚಾಕ್ಕಾಗ್ತದೆ, ಡೇರಿಗೆ ಏನು ಹಾಕೋದು? ಸರ್ಕಾರದ ಪ್ರೋತ್ಸಾಹಧನವೂ ಡೇರಿಗೆ ಹಾಕಿದ ಹಾಲಿಗೇ ಬರೋದು. ಇವ್ರು ಸೈಡ್ ಆದಾಯ ಬೇಕು ಅಂತ ಶುರು ಮಾಡಿದ್ದು.

ಯಲ್ಲಾಪುರದಿಂದ

ಇವ್ರು ಗೊಬ್ಬರ ಬೇಕು ಅಂತಾನೂ ಶುರು ಮಾಡಿದ್ದು ಅಣ್ಣಾ. ಎಕರೆ ತೋಟ ಇದ್ದವನಿಗೆ ಆದಾಯ ಅಂದ್ರೆ ಹಾಲಿನ ಬಿಲ್ ಒಂದೇ ಅಲ್ಲ, ಗೊಬ್ಬರದ ಲೋಡಿಗೆ ಕೊಡದೇ ಉಳಿದ ದುಡ್ಡೂ ಆದಾಯವೇ. ಕೊಟ್ಟಿಗೇಲಿ ಸೊಪ್ಪು ದರಕು (ಒಣ ಎಲೆ) ಹಾಸಿ ತುಳಿಸಿದ ಗೊಬ್ಬರಕ್ಕೆ ಸಮ ಇಲ್ಲ. ಇನ್ನೂ ಒಂದು ಯೋಚ್ನೆ ಮಾಡಿ, ಹೋರಿ ಕರು ಹುಟ್ಟಿದ್ರೆ? ರಾಜ್ಯದಲ್ಲಿ 2020ರ ಗೋಹತ್ಯೆ ನಿಷೇಧ ಕಾನೂನು ಬಂದ ಮೇಲೆ ಮಾರೋದು ಕಷ್ಟ, ಮಿಶ್ರತಳಿ ಹೋರಿ ಉಳುಮೆಗೂ ಬರೋದಿಲ್ಲ, ಸಾಯೋ ತನಕ ಸಾಕ್ಬೇಕು. ಗಬ್ಬಕ್ಕೆ ಇಂಜೆಕ್ಷನ್ ಕೊಡ್ಸೋವಾಗ ಹೆಣ್ಣು ಕರುವಿನ ಲಿಂಗ ನಿರ್ಧರಿತ ವೀರ್ಯ ಕೇಳಿ ಹಾಕ್ಸಿ.

ಸಿದ್ದಾಪುರದಿಂದ

ಇಬ್ರೂ ಸರಿ. ನಂಗೆ ಕೇಳಿದ್ರೆ ಜರ್ಸಿ ಒಂದನ್ನ ಕೊಟ್ಟಿಗೇಲಿ ಕಟ್ಟಿ ಚೆನ್ನಾಗಿ ಹಾಕಿ ಸಾಕಿ, ಸಂಜೆ ಎರಡು ತಾಸು ಕಾಲಾಡಿಸೋಕೆ ಬಿಟ್ರೆ ಸಾಕು. ಬೇಣಕ್ಕೆ ಎರಡು ಗಿಡ್ಡ. ಬೇಣ ನಾಲ್ಕು ಭಾಗ ಮಾಡಿ ಸರದಿ ಮೇಲೆ ಮೇಯ್ಸಿ, ಹುಲ್ಲು ನಾಲ್ಕು ಬೆರಳಿಗಿಂತ ಕೆಳಗೆ ಹೋದ ಕೂಡ್ಲೆ ದನ ಎಬ್ಬಿಸಿ. ಜೂನ್ ಮಳೆಗೆ ಸ್ಟೈಲೋ ಅನ್ನೋ ಮೇವಿನ ಗಿಡದ ಬೀಜ ಎರಚಿ, ಹುಳಿ ಮಣ್ಣಲ್ಲೂ ಬರ್ತದೆ. ಬೀಜದ ಸಿಪ್ಪೆ ಗಟ್ಟಿ, 80 ಡಿಗ್ರಿ ಬಿಸಿನೀರಲ್ಲಿ ನಾಲ್ಕೈದು ನಿಮಿಷ ಹಾಕಿ ತೆಗೆದ್ರೆ ಮೊಳಕೆ ಚೆನ್ನಾಗಿ ಬರ್ತದೆ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರೋಕೆ ಬಿಟ್ಟ ಕಾಡು) ಇದ್ರೆ ಅಲ್ಲಿ ಬೇಲಿ ಶೆಡ್ಡು ಮಾಡೋ ಮೊದಲು ದಾಖಲೆ ನೋಡ್ಕೊಳ್ಳಿ, ಅಲ್ಲಿ ನಮ್ಗಿರೋದು ಸೊಪ್ಪು ಹುಲ್ಲಿನ ಹಕ್ಕು ಮಾತ್ರ.

ಶಿರಸಿ, ಹುಲೇಕಲ್ ಕಡೆಯಿಂದ (ಐದು ವಾರದ ನಂತರ)

ಎಚ್‌ಎಫ್ ಉಳೀತು. ಡಾಕ್ಟ್ರು ಲಂಟಾನ ಅಂತ್ಲೇ ಹೇಳಿದ್ರು, ಮೂರು ದಿನ ಡ್ರಿಪ್ ಹಾಕಿದ್ರು, ಏಳನೇ ದಿನ ಮೆಲುಕು ಹಾಕೋಕೆ ಶುರು ಮಾಡ್ತು, ಆ ದವಡೆ ಆಡೋದು ನೋಡಿ ಅಮ್ಮ ಕೊಟ್ಟಿಗೇಲೇ ಕೂತು ಅತ್ತುಬಿಟ್ರು. ಹಳೇ ಚರ್ಮ ಉದುರಿ ಕೆಳಗೆ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿದೆ, ಕೂದಲು ಇನ್ನೂ ಇಲ್ಲ. ದೊಡ್ಡಹಬ್ಬಕ್ಕೆ (ದೀಪಾವಳಿಗೆ) ಎಲ್ಲಾ ದನಕ್ಕೂ ಅಡಿಕೆ ಮಾಲೆ ಕಟ್ಟಿದ್ವಿ, ಇದಕ್ಕೆ ಕುತ್ತಿಗೆ ತಾಗಿ ನೋಯ್ತದೆ ಅಂತ ಕೋಡಿಗೆ ಸುತ್ತಿದ್ವಿ.

ಜರ್ಸಿ ಆರೂವರೆ ಲೀಟರ್‌ಗೆ ಬಂದಿದೆ, ಪಂಚೆ ತಿನ್ನೋದು ಹತ್ತೇ ದಿನಕ್ಕೆ ನಿಂತು ಹೋಯ್ತು. ಸಗಣೀಲಿ ಹುಳದ ಮೊಟ್ಟೆ ಇತ್ತು, ಔಷಧಿ ಆಯ್ತು. ಲಂಟಾನ ನೆಲ ಹಸಿ ಇರೋವಾಗ್ಲೇ ಬುಡ ಸಮೇತ ಕಿತ್ತು ಸುಟ್ಟೆ, ಹಕ್ಕಿ ಹಣ್ಣು ತಿಂದು ಬೀಜ ಹಾಕ್ತದೆ ಅಂತ ಪಕ್ಕದ ಬೇಣದವ್ರಿಗೂ ಹೇಳಿದ್ದೇನೆ, ಮುಂದಿನ ವಾರ ಇಬ್ರೂ ಸೇರಿ ಅವ್ರ ಕಡೇದು ತೆಗೀತೇವೆ. ಎಚ್‌ಎಫ್ ಪೂರ್ತಿ ಹುಷಾರಾಗೋ ತನಕ ಯಾರಿಗೂ ಕೊಡೋದಿಲ್ಲ. ಗಿಡ್ಡ ಒಂದು ನೋಡಿ ಇಟ್ಟಿದ್ದೇನೆ, ಎರಡನೇ ಸೂಲು, ನಾಡಿದ್ದು ಹೊಡ್ಕೊಂಡು ಬರ್ತೇನೆ.